ಜೋಳದ ಸಾಲಿನಲ್ಲಿ ಒಂದು ಪ್ರಾಂತ

೧೯೪೬ರ ಒಂದು ಬೆಳಗ್ಗೆ ಪುಣೆ ಕ್ಯಾಂಪಿನ ರೇಷನ್ ಸಾಲಿನಲ್ಲಿ ಕನ್ನಡ ಕೇಳಿಸಿ ವಾಮನರಾಯರು ಕಿವಿಗೊಟ್ಟರು. ಅವರ ಮುಂದಿದ್ದ ಗದಗಿನ ಜವಳಿ ವ್ಯಾಪಾರಿ ಹೊಳಬಸಪ್ಪ ಸಾಲು ಬಿಟ್ಟು, ಮುಂದೆ ಆಗಬೇಕಾದ ಕರ್ನಾಟಕ ಪ್ರಾಂತವನ್ನು ಕೊಡೆಯ ತುದಿಯಿಂದ ಮಣ್ಣಿನಲ್ಲಿ ಬರೆಯುತ್ತಿದ್ದರು.

"ಸೊಲ್ಲಾಪುರ ನಮ್ದ ರೀ, ಬಿಡೂದಿಲ್ಲ."

"ಕಾಸರಗೋಡು ಎಲ್ಲಿ ಮಾರಾಯ್ರೆ?" ಎಂದರು ಕ್ಯಾಂಪಿನಲ್ಲೇ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಕೊರಗಪ್ಪ.

"ತಡೀರಿ, ಸಮುದ್ರಕ್ಕ ಜಾಗಾ ಸಾಲವಲ್ದು."

"ಸಾಲು ಮುಂದೆ ಹೋಯ್ತು. ನಿಮಗೆ ಜೋಳ ಬೇಡವಾ?" ಎಂದರು ಕೊರಗಪ್ಪ.

"ಬೇಕ್ರಿ! ಮಾವನವ್ರು ಬಂದಾರ, ರೊಟ್ಟಿ ಇಲ್ಲದ ಉಣ್ಣಂಗಿಲ್ಲ. ಕಾಸರಗೋಡು ಮುಗಿಸಿ ಬಂದೆ."

ಅಷ್ಟರಲ್ಲಿ ಜೋಳ ಮುಗಿಯಿತೆಂದು ಅಂಗಡಿಯವನು ಮರಾಠಿಯಲ್ಲಿ ಕೂಗಿದ.

"ಮಾವನನ್ನು ನನ್ನ ಹೋಟೆಲಿಗೆ ಕರ್ಕೊಂಡು ಬನ್ನಿ, ಇಡ್ಲಿ ಕೊಡುವ."

"ಇಡ್ಲಿನಾ? ಅವ್ರು ಸೊಲ್ಲಾಪುರದವ್ರು ರೀ!" ಹೊಳಬಸಪ್ಪ ಕೊಡೆಯ ಮಣ್ಣು ಒರೆಸಿದರು. "ರೊಟ್ಟಿ ಸಿಗಲಿಲ್ಲಂದ್ರ ನಾಳೆನ ಮಹಾರಾಷ್ಟ್ರಕ್ಕ ಸೇರ್ತಾರ."

ಇಬ್ಬರೂ ಜೋಳ ಹುಡುಕುತ್ತ ಬೇರೆ ಅಂಗಡಿಯತ್ತ ಓಡಿದರು. ವಾಮನರಾಯರು ನಕ್ಷೆಯನ್ನು ತುಳಿಯದೆ ಬಳಸಿಕೊಂಡು ಹೋದರು.