ಮಿಷನ್ ನೀರು ಬಿದ್ದ ಸೊಪ್ಪು

ರಾಮನಗರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಗಂಗಲಕ್ಷ್ಮಮ್ಮನ ಪಕ್ಕಕ್ಕೆ ಅಕ್ಕತಂಗಿಯರಿಬ್ಬರು ಬಂದು ಕೂತರು. ತಂಗಿ ತಿಮ್ಮಮ್ಮ ರೇಷ್ಮೆಗೂಡು ಮಾರಿ ಬಂದಿದ್ದಳು. ಅಕ್ಕ ಬೀರಮ್ಮನಿಗೆ ಮಾರಲು ಗೂಡೇ ಇರಲಿಲ್ಲ.

“ಊರಿಗೆಲ್ಲ ಬೆಳೆ ಆಗೈತೆ. ನಿನ್ನ ಹುಳಕ್ಕೇನಾಯ್ತಕ್ಕ?”

“ಹಣ್ಣಾಗಿ ಗೂಡು ಕಟ್ಟೋ ಹೊತ್ಗೆ ಸತ್ತೋದೊ. ಸೊಸೆ ಮುಟ್ಟಾಗಿ ಹುಳದ ಮನೆಗೆ ಹೋಗವ್ಳೆ ಅಂತ ಬೈದು, ಕಲ್ಯಕ್ಕೆ, ಅವಳ ತವರಿಗೆ ಕಳಿಸ್ಬುಟ್ಟೆ.”

“ಹೋಗಿದ್ಲಾ?”

“ಇಲ್ಲ ಅಂತ ಅತ್ಲು ಕಣೆ. ನಿನ್ನೆ ರೇಷ್ಮೆ ಇಲಾಖೆಯೋರು ಹಿಪ್ಪುನೇರಳೆ ತೋಟ ನೋಡುದ್ರು. ಸೊಪ್ಪಿಗೆಲ್ಲ ಸೋಪಿನ ಪುಡಿ ಹಿಡಿದೈತೆ, ಹುಳ ಅದನ್ನ ತಿಂದೇ ಸತ್ತಿರೋದು ಅಂದ್ರು.”

“ತೋಟಕ್ಕೆ ಸೋಪೆಲ್ಲಿಂದ ಬಂತು?”

“ಬಟ್ಟೆ ಒಗೆಯೋ ಮಿಷನ್ ನೀರು ಕಕ್ಕಸ್ ಗುಂಡಿಗೆ ಬುಟ್ರೆ ಗುಂಡಿ ಕೆಡ್ತದೆ, ತೋಟಕ್ಕಾದ್ರೆ ನೀರೂ ಉಳೀತದೆ ಅಂತ ನಾನೇ ಪೈಪು ತಿರುಗ್ಸಿ ಸೊಪ್ಪಿನ ಮ್ಯಾಲೆ ಬುಟ್ಟಿದ್ದೆ. ‘ಸೊಪ್ಪಿಗೆ ಬ್ಯಾಡ ಅತ್ತೆ, ತೆಂಗಿನ ಬುಡಕ್ಕೆ ಬುಡಿ’ ಅಂದಿದ್ಲು ಅವಳು.”

“ಹೋಗಿ ಕರ್ಕೊಂಡು ಬಾ.”

“ಅದಕ್ಕೇ ಬಂದಿವ್ನಿ.”

ಕಲ್ಯದ ಬಸ್ಸು ಬಂತು.

“ಹತ್ತಕ್ಕ, ಬಸ್ಸು ಹೊಂಟೋಯ್ತದೆ.”

ದಾರಿ ಬಿಡಲು ಗಂಗಲಕ್ಷ್ಮಮ್ಮ ಕಾಲು ಮಡಿಸಿಕೊಂಡಳು. ಬೀರಮ್ಮ ಏಳಲಿಲ್ಲ.

“ಏನಂತ ಕರೀಲಿ?” ಅಂದಳು. ಬಸ್ಸು ಹೊರಟುಹೋಯಿತು.

ಅಕ್ಕತಂಗಿಯರ ಊರುಗಳ ಕಡೆಗೆ ಹೋಗುವ ದೊಡ್ಡಆಲಹಳ್ಳಿಯ ಬಸ್ಸು ಬಂದಾಗ ಬೀರಮ್ಮ ತಂಗಿಗಿಂತ ಮೊದಲೇ ಎದ್ದು ಹತ್ತಿಕೊಂಡಳು.