ಸೂಜಿ ಕುದಿಸೋ ಡಬ್ಬಿ

ಅದನ್ನ ಬಿಡು ಸ್ನೇಹಲ, ಆ ಸೂಜಿ ಡಬ್ಬಿ ನಾನಽ ಕಟ್ಕೋತೀನಿ. ನೀ ಔಷಧದ ಕಪಾಟ ನೋಡು. ನಗತಿ ಯಾಕ? ಈಗ ಯಾರೂ ಸೂಜಿ ಕುದಸಂಗಿಲ್ಲ, ಗೊತ್ತದ ನನಗ. ನೀ ಬೆಳಗಾವಿ ದೊಡ್ಡ ದವಾಖಾನಿ ನರ್ಸು, ರಜಾ ಹಾಕಿ ನನ್ನ ಗಂಟುಮೂಟಿ ಕಟ್ಟಾಕ ಬಂದಿ... ನಗು, ನಗು. ಹಳೇ ಡಬ್ಬಿ, ಹಳೇ ಸಿಸ್ಟರು, ಎರಡೂ ಒಂದಽ ಜೀಪಿನ್ಯಾಗ ಹೊಂಟಾವ. ಇವತ್ತಿಗೆ ಈ ಗುಂಜಿ ಊರಿನ ದವಾಖಾನಿ ಬಂದ್. ಅನಗೋಳದಾಗ ನಮ್ಮ ಕಾನ್ವೆಂಟಿನ ಮುದುಕಿ ಸಿಸ್ಟರಗೋಳ ಮನಿ ಅದಲ್ಲ, ನಾ ಹೋದ್ರ ಹದಿನಾಲ್ಕು ಮಂದಿ. ಎಲ್ಲಾರೂ ನರ್ಸು, ಪೇಷಂಟೂ ಅವರಽ. ಯಾರು ಯಾರ ಬಿ.ಪಿ. ನೋಡಬೇಕಂತ ದಿನಾ ಜಗಳಂತ.

ನಾ ಇಲ್ಲಿ ಬಂದಾಗ ಏಳು ಮಂದಿ ಇದ್ವಿ. ಬಿಳಿ ಸೀರಿಗೆ ಗಂಜಿ ಹಾಕಿ, ಅಡವ್ಯಾಗ ನಡಕೊಂಡು ಹೋಗಿ ಹೆರಿಗಿ ಮಾಡಸ್ತಿದ್ವಿ. ಮೊದಲನೇ ಹೆರಿಗಿ ಕಾಡವ್ವಂದು... ರಕ್ತ ನೋಡಿ ನಾನಽ ಚಕ್ಕರ ಬಂದು ಬಿದ್ದೆ. ಆಕಿ ಕೂಸು ಹಡದು, ಎದ್ದು ಬಂದು ನನ್ನ ಮಾರಿಗೆ ನೀರು ಹೊಡದ್ಲು. ಈಗೂ ಸಂತ್ಯಾಗ ಸಿಕ್ರ, "ಸಿಸ್ಟರಬಾಯಿ, ನಿಮ್ಮ ಬಾಣಂತನ ನಾ ಮಾಡೇನಿ" ಅಂತಾಳ.

ಆಮ್ಯಾಲೆ ಒಬ್ಬೊಬ್ಬರು ತೀರಕೊಂಡ್ರು. ಹೊಸಾ ಹುಡುಗ್ಯಾರು ಬರಲಿಲ್ಲ. ಯಾಕ ಬರ್ತಾರ? ಹೊರಗ ನರ್ಸ್ ಆದ್ರ ಪಗಾರ ಅದ, ಗಂಡ ಮಕ್ಳು ಅದಾವ. ನಮ್ಮಲ್ಲಿ ಗಂಟಿ ಹೊಡದ್ರ ಏಳಬೇಕು, ಗಂಟಿ ಹೊಡದ್ರ ಉಣ್ಣಬೇಕು. "ಹನ್ನೆರಡು ವರ್ಷದಾಗ ಖಾನಾಪುರ ಕಡಿಂದ ಒಬ್ಬಾಕಿ ಅರ್ಜಿನೂ ಬರಲಿಲ್ಲಲ್ಲ?" ಅಂತ ಮೊನ್ನೆ ನಮ್ಮ ಕಾನ್ವೆಂಟಿನ ದೊಡ್ಡ ಮದರ್ ಕೇಳಿದ್ರು. ಕಾಲ ಕೆಟ್ಟದ ಮದರ್, ಅಂದೆ.

ಸ್ನೇಹಲ? ಯಾವ ಕಾಗದ ಓದಾಕತ್ತಿ?

ತಗದೇಬಿಟ್ಟಿ ಡಬ್ಬಿ. ಬ್ಯಾಡ ಅಂದಿದ್ದೆ.

ಹೂಂ... ನಿನ್ನ ಅಕ್ಷರಾನಽ ಅದು. ಸಿಸ್ಟರ್ ಆಗತೀನಿ ಅಂತ ಮದರಗೆ ನೀ ಬರದ ಅರ್ಜಿ. ಅದನ್ನ ಮುಂದ ಕಳಸೂದು ನನ್ನ ಕೆಲಸಿತ್ತು. ಕಳಸಲಿಲ್ಲ. ನಿನಗ ದಮ್ಮಿನ ತ್ರಾಸ ಅದ, ಮದರ್ ಒಲ್ಲೆ ಅಂದ್ರು ಅಂತ ಸುಳ್ಳು ಹೇಳಿದೆ. ನೀ ಇಲ್ಲೇ ಮೆಟ್ಟಲ ಮ್ಯಾಲೆ ಕುಂತು ಅತ್ತಿ. ನಾನಽ ಚಹಾ ತಂದುಕೊಟ್ಟೆ.

ನಿನ್ನ ಒಳ್ಳೇದಕ್ಕಽ ಮಾಡಿದೆ ತಂಗಿ. ಬಂದಿದ್ರ ಏನಾಗತಿತ್ತು? ನಮ್ಮಂಥ ಮುದುಕ್ಯಾರಿಗೆ ಗಂಜಿ ಕುಡಸ್ಕೋತ ಮುಪ್ಪಾಗತಿದ್ದಿ. ಈಗ ಛಲೋ ನೌಕರಿ ಅದ, ಮುತ್ತಿನಂಥ ಮಗಳದಾಳ...

ಹಂಗ ನೋಡಬ್ಯಾಡ.

ಆತು, ಖರೇ ಹೇಳ್ತೀನಿ. ಆ ವರ್ಷ ನೀ ದಿನಾ ಬಂದು ನನ್ನ ಕೂಡ ಪಟ್ಟಿ ಕಟ್ತಿದ್ದಿ. ಮಂದಿ ನನ್ನ ಪಾಳಿ ಬಿಟ್ಟು ನಿನ್ನ ಮುಂದ ನಿಲ್ಲಾಕತ್ರು. "ಈ ಹುಡುಗಿ ಸೂಜಿ ಚುಚ್ಚಿದ್ದು ತಿಳ್ಯಂಗಿಲ್ಲ, ಸಿಸ್ಟರಬಾಯಿ ಗೋಣಿಚೀಲ ಹೊಲದಂಗ ಚುಚ್ತಾರ" ಅಂದ್ಲು ಕಾಡವ್ವ. ಎಲ್ಲಾರೂ ನಕ್ರು, ನಾನೂ ನಕ್ಕೆ. ಅವತ್ತಽ ಸಂಜಿಗೆ ನಿನ್ನ ಅರ್ಜಿ ಡಬ್ಬ್ಯಾಗ ಹಾಕಿ ಮುಚ್ಚಿದೆ. ಹೊಟ್ಟಿಕಿಚ್ಚು, ಸ್ನೇಹಲ. ಮನಿ ಬಿಟ್ಟೆ, ಬಂಗಾರ ಬಿಟ್ಟೆ, ಇದೊಂದು ಬಿಡಾಕ ಆಗಲಿಲ್ಲ ನನಗ. ಪ್ರತಿ ಸಲ ಪಾದ್ರಿ ಮುಂದ ಕುಂತು ಪಾಪ ಒಪ್ಕೋತೀನಿ... ಸಿಟ್ಟು ಮಾಡಿದ್ದು, ಪ್ರಾರ್ಥನ್ಯಾಗ ತೂಕಡಿಸಿದ್ದು, ಕುಂದಾ ಕದ್ದು ತಿಂದದ್ದು. ಇದನ್ನ ಒಮ್ಮೆನೂ ಹೇಳಲಿಲ್ಲ.

ಜೀಪ ಬಂದಂಗ ಅದ. ಮುಂಜಾನೆ ಮೆಟ್ಟಲ ಹತ್ತೂಮುಂದ ನೀ ಕೈ ಹಿಡದಿದ್ದಿ. ಇಳಿಯೂಮುಂದನೂ ಒಂಚೂರು ಕೈ ಕೊಡ್ತಿಯೇನು?

ಇರಲಿ ಬಿಡು. ಗ್ವಾಡಿ ಹಿಡಕೊಂಡು ಇಳೀತೀನಿ.