ಹೊಂಗೆ ಸಸಿಯ ಬೇಲಿ

...ಹಂಗೆ ನೋಡಬ್ಯಾಡ ಬೊಮ್ಮಕ್ಕ! ಉರಿ ಮುಂದಕ್ಕೆ ತಳ್ಳು, ನೀರು ಕಾಯ್ಲಿ. ಕೂಸು ಎದ್ದೈತೆ. ನಿನ್ನೆ ಬೀದಿ ಪಂಚಾಯ್ತಿ ಆದ್ಮೇಲೆ ಇನ್ನು ಈ ಯರ್ರಮ್ಮನ ಮೊಮ್ಮಗಂಗೆ ನೀರೆರೆಯಕ್ಕೆ ನೀನು ಬರಲ್ಲ ಅಂದ್ಕಂಡಿದ್ದೆ. ಬಂದೆಯಲ್ಲ, ನನ್ನ ಪುಣ್ಯ!

ಮುಖ ಯಾಕೆ ಆ ಕಡೆ ತಿರುಗಿಸ್ಕಂಡೆ? ಏನಾದ್ರೂ ಅನ್ನು!

ನಾನೇನು ಸುಳ್ಳು ಹೇಳಿದ್ನಾ? ನಿಮ್ಮ ಮೇಕೆಗಳೇ ತಿಂದಿದ್ದು, ಕಣ್ಣಾರೆ ಕಂಡೆ. ಹನ್ನೊಂದು ಹೊಂಗೆ ಸಸಿ! ಮನೆಮನೆಯೋರೂ ಬಿಂದಿಗೆ ಹೊತ್ತು ಬೆಳೆಸಿದ್ದು. ನೆರಳಾದ್ರೆ ಕಟ್ಟೆ ಕಟ್ಟಾಣ, ಸಾಯಂಕಾಲ ಎಲ್ರೂ ಕುಂತ್ಕಳಾಣ ಅಂತ ಕಲ್ಲೇಶಪ್ಪ ಮೇಷ್ಟ್ರು ಎಷ್ಟು ಆಸೆ ಇಟ್ಕಂಡಿದ್ರು... ಚಳ್ಳಕೆರೆ ಬಿಸಿಲಿಗೆ ನಮ್ಮ ಬೀದೀಲಿ ಕಾಗೆ ಕೂರಕ್ಕೂ ನೆರಳಿಲ್ಲ. ಎಲ್ಲಾ ಮೋಟು ಆಗೋಯ್ತು!

ಗೊತ್ತು, ಬೇಲಿ ವಿಷ್ಯಕ್ಕೇ ನಿನಗೆ ಸಿಟ್ಟು. ಮುಳ್ಳುಬೇಲಿ ಕಿತ್ತು ಮೇಕೆ ಬಿಟ್ಟಿದ್ದೂ ನಿನ್ನ ಗಂಡ ಕೆಂಚಣ್ಣನೇ ಅಂದೆ... ಬಾಯಿಗೆ ಬಂತು, ಅಂದ್ಬಿಟ್ಟೆ. ಅವನು ತಲೆ ಬಗ್ಗಿಸಿ ನಿಂತಿದ್ದ. ಪಂಚಾಯ್ತಿಯೋರು ನಿಮ್ಮ ಮೇಕೆ ಕೂಡೋ ರೊಪ್ಪಾನೇ ಬೀದಿಯಿಂದ ಎತ್ತಿಸ್ತಾರೆ ಅಂತ ನಂಗೇನು ಗೊತ್ತು? ಮೂವತ್ತು ಮೇಕೆ ಹೊಡ್ಕಂಡು ಎಲ್ಲಿಗೋಗ್ತೀರಿ?

ಅದಕ್ಕೇ ಹೇಳ್ತೀನಿ ಕೇಳು. ಇವತ್ತು ಸಾಯಂಕಾಲ ಬೀದಿಯೋರ ಮುಂದೆ ಕೆಂಚಣ್ಣ 'ತಪ್ಪಾಯ್ತು' ಅಂದ್ಬಿಡ್ಲಿ. ಅಷ್ಟೇ! ಹೊಸ ಸಸಿ ನಾನೇ ತರ್ತೀನಿ, ನೀರೂ ನಾನೇ ಹೊರ್ತೀನಿ. ಯಾಕೆ ನಗ್ತೀಯಾ? ನಾನ್ಯಾಕೆ ತರ್ಬೇಕು ಅಂತಾನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಳೋಳಲ್ಲ ನಾನು! ನಗಬ್ಯಾಡ ಕಣಕ್ಕ.

ಸೌದೆಗೆ ಯಾಕೆ ಕೈ ಹಾಕ್ತೀಯಾ? ಮುಳ್ಳು ಚುಚ್ಚುತ್ತೆ, ಬಿಡು. ಜಾಲಿ ಮುಳ್ಳು ಯಾರ ಒಲೇಲಿಲ್ಲ ಹೇಳು... ಅದಾ? ಮುಳ್ಳಿಗೆ ಸುತ್ಕಂಡಿರೋ ಮೇಕೆ ಕೂದಲ ಹುರಿ. ಎಲ್ಲೋ ಸಿಕ್ಕಿತ್ತು... ಹೂಂ, ಕೆಂಚಣ್ಣನೇ ಹೊಸೆದಿದ್ದು. ಹನ್ನೊಂದು ಬೇಲೀನೂ ಅವನೇ ಇದ್ರಲ್ಲಿ ಬಿಗಿದಿದ್ದ.

ಆ ಹುರೀನ ಸೆರಗಲ್ಲಿ ಯಾಕೆ ಗಂಟು ಹಾಕ್ಕಂತೀಯಾ? ಯಾರಿಗೆ ತೋರಿಸ್ತೀಯಾ? ಬೊಮ್ಮಕ್ಕಾ!

ಎರಡು ತಿಂಗ್ಳಿಂದ ಸೊಸೈಟೀಲಿ ಸೀಮೆಎಣ್ಣೆ ಇಲ್ಲ. ನನ್ನ ಮಗಳು ಕಾಂಚನಾ ಹಸಿ ಬಾಣಂತಿ, ಅವಳಿಗೆ ತಣ್ಣೀರು ಸೋಕಿಸಕ್ಕಾಗುತ್ತಾ? ಅವಳನ್ನ ಬಿಟ್ಟು ಊರಾಚೆ ಹುಲ್ಲುಗಾವಲಿಗೆ ಸೌದೆ ಆಯಕ್ಕೆ ಹೋಗಂಗಿಲ್ಲ. ಒಂದೊಂದು ಬೇಲೀಲಿ ಒಂದೇ ಕೊಂಬೆ ಅಂದ್ಕಂಡೆ... ಆಮೇಲೆ ದಿನಾ ಬೇಕಾಯ್ತು. ನಾನೇ ಕಣಕ್ಕ, ನಾನೇ ಕಿತ್ತಿದ್ದು! ಬೈ ನನ್ನ! ಹೊಡಿ ಬೇಕಾದ್ರೆ!

ಏನದು... ಕಾಲು ಚಾಚಿ ಕುಂತೆಯಾ? ಕೂಸು ತಾ ಅಂತಾ?

ಬ್ಯಾಡ ಬೊಮ್ಮಕ್ಕ... ಯಾವ ಮುಖ ಹೊತ್ಕಂಡು ನನ್ನ ಮೊಮ್ಮಗನ್ನ ನಿನ್ನ ಕಾಲ ಮೇಲೆ ಮಲಗಿಸ್ಲಿ?